ಜಗನ್ನಾಥದಾಸರು ಬಿಟ್ಟದ್ದೇನು?

ಕನ್ನಡದ ಹರಿದಾಸ ಕವಿ ಜಗನ್ನಾಥದಾಸರ (1728–1809) ಬದುಕನ್ನು ಓದುವಾಗ ಅವರು ಬಿಟ್ಟದ್ದು ಯಾವುದನ್ನು ಎಂದು ಕೇಳಿಕೊಳ್ಳಬೇಕು. ‘ಪಾಂಡಿತ್ಯ ಬಿಟ್ಟು ಭಕ್ತಿ ಹಿಡಿದರು’ ಎಂದು ಬರೆದು ಮುಗಿಸುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ.

ರಾಯಚೂರು ಸೀಮೆಯ ಮಾನ್ವಿಯಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಗಟ್ಟಿ ಸಂಸ್ಕೃತ ವಿದ್ವಾಂಸರಾಗಿದ್ದರು. ಕನ್ನಡದ ಹಾಡಿಗೆ ಇಳಿಸಿದರೆ ಶಾಸ್ತ್ರ ಹಗುರಾಗುತ್ತದೆ ಎಂಬುದು ಆಗಿನ ಅವರ ನಂಬಿಕೆ. ಹಾಗಾಗಿ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದ ಹರಿದಾಸರಾದ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಆ ನೆಪವೇ ರೋಗವಾಯಿತು ಎನ್ನುತ್ತದೆ ಐತಿಹ್ಯ. ವಿಜಯದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಮಂತ್ರಿಸಿ ಕೊಟ್ಟ ಜೋಳದ ರೊಟ್ಟಿಯಿಂದ ನೋವು ಹೋಯಿತಂತೆ. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೂ ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರಂತೆ. ಪವಾಡವನ್ನು ನಂಬುವುದು ಅವರವರಿಗೆ ಬಿಟ್ಟದ್ದು. ಯಾರ ಪಂಕ್ತಿಯಲ್ಲಿ ಕೂರಲು ಒಲ್ಲೆನೆಂದಿದ್ದರೋ ಅವರ ಶಿಷ್ಯನ ಮುಂದೆಯೇ ಕೈಯೊಡ್ಡಿದರಲ್ಲ, ನಾವು ನಿಂತು ನೋಡಬೇಕಾದದ್ದು ಅಲ್ಲಿ.

ಈಗ ಜಗನ್ನಾಥದಾಸರಾದ ಮೇಲೆ ಅವರು ಕನ್ನಡದಲ್ಲಿ ಬರೆದ ಹರಿಕಥಾಮೃತಸಾರವನ್ನು ತೆರೆಯಿರಿ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳು, ಅಂದರೆ ಅಧ್ಯಾಯಗಳು. ತಾರತಮ್ಯ (ಜೀವರಲ್ಲಿ ಮೇಲು-ಕೆಳಗಿನ ಶ್ರೇಣಿ), ಬಿಂಬ-ಪ್ರತಿಬಿಂಬ ಭಾವ (ಹರಿ ಬಿಂಬ, ಜೀವ ಅವನ ಪ್ರತಿಬಿಂಬ), ಹರಿಯ ಸರ್ವೋತ್ತಮತ್ವ: ಮಧ್ವಾಚಾರ್ಯರ ದ್ವೈತ ಸಿದ್ಧಾಂತದ ತಿರುಳೆಲ್ಲ ಇದರಲ್ಲಿದೆ. ಕಲಿತ ಶಾಸ್ತ್ರವನ್ನು ಅವರು ಎಳ್ಳಷ್ಟೂ ಬಿಡಲಿಲ್ಲ. ಆ ಶಾಸ್ತ್ರಕ್ಕೆ ತಿಳಿಯದಂತೆ ಅಂಟಿಕೊಂಡಿದ್ದ ‘ಇದು ನನ್ನಂಥವರಿಗಷ್ಟೇ, ಸಂಸ್ಕೃತದಲ್ಲಷ್ಟೇ’ ಎಂಬ ಎಣಿಕೆಯನ್ನು ಬಿಟ್ಟರು. ಸಿದ್ಧಾಂತ ಯಾವುದು, ಅದರ ಮೇಲೆ ನಾವು ಕಟ್ಟಿಕೊಂಡ ಬೇಲಿ ಯಾವುದು ಎಂದು ಬಿಡಿಸಿ ನೋಡುವುದೇ ಕಷ್ಟದ ಕೆಲಸ. ಎರಡನ್ನೂ ಒಟ್ಟಿಗೆ ಎಸೆಯುವುದು ಸುಲಭ, ಅದರಿಂದ ಏನೂ ಸಿಗದು.

ಅದೇ ಕೃತಿಯ ಕರುಣಾಸಂಧಿಯ ಒಂದು ಮಾತು ನೋಡಿ. ಭಕ್ತ ಮಲಗಿ ಹಾಡಿದರೆ ಹರಿ ಕುಳಿತು ಕೇಳುತ್ತಾನೆ. ಕುಳಿತು ಹಾಡಿದರೆ ನಿಲ್ಲುತ್ತಾನೆ. ನಿಂತು ಹಾಡಿದರೆ ನಲಿಯುತ್ತಾನೆ. ನಲಿದು ಹಾಡಿದರೆ ಒಲಿದೆನೆನ್ನುತ್ತಾನೆ. ಕೇಳುವವನು ಹಾಡುವವನಿಗಿಂತ ಸದಾ ಒಂದು ಹೆಜ್ಜೆ ಮುಂದೆ. ಯಾವ ಭಾಷೆ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಊಟ ಒಲ್ಲೆನೆಂದವರೇ ಭೋಜನಸಂಧಿಯನ್ನೂ ಬರೆದರು. ಎಲೆಯ ಮೇಲಿನ ಪದಾರ್ಥಗಳಲ್ಲಿ ಭಗವಂತನ ರೂಪಗಳನ್ನು ಚಿಂತಿಸುವ ಸಂಧಿ ಅದು. ಇದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲಿ ಹಲವರದು ತಿರುಗುಮುರುಗಾದ ಬೇಲಿ: ‘ಸಂಸ್ಕೃತ ಬಾರದು, ಇದು ನನಗಲ್ಲ.’ ಅಂಥವರು ಕರುಣಾಸಂಧಿಯಿಂದಲೇ ಶುರುಮಾಡಲಿ. ಮೂರು-ನಾಲ್ಕು ಮಾತ್ರೆಗಳ ಗತಿ ಹಿಡಿದು ಗಟ್ಟಿಯಾಗಿ ಓದಿ, ತಿಳಿಯದ ಪದಕ್ಕೆ ಗುರುತು ಹಾಕಿ ಮುಂದೆ ಹೋಗಿ. ವ್ಯಾಖ್ಯಾನ ಎರಡನೆಯ ಓದಿಗಿರಲಿ.