ಪೆರೋಲ್: ಕೊಟ್ಟವರು ಯಾರು, ತಗೊಂಡವರು ಯಾರು?

ಮೊನ್ನೆ ಅಮೆರಿಕದ ಅಂತರ್ಯುದ್ಧದ (ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದದ್ದು) ಬಗ್ಗೆ ಒಂದು ಲೇಖನ ಓದುತ್ತಿದ್ದೆ. ಚೆನ್ನಾಗಿಯೇ ಇತ್ತು. ಕೊನೆಗೆ ಬಂದರೆ, ‘ಶರಣಾದ ಸೈನಿಕರಿಗೆಲ್ಲ ಜನರಲ್ ಗ್ರಾಂಟ್ ಜಾಮೀನು ನೀಡಿದ’ ಅಂತ ಬರೆದಿದ್ದರು (ಗ್ರಾಂಟ್ ಉತ್ತರದವರ ಸೇನಾಪತಿ). ಅಲ್ಲ, ನ್ಯಾಯಾಧೀಶ ಎಲ್ಲಿದ್ದ? ಜಾಮೀನು ಹಾಕಿದವರು ಯಾರು? ಹಿಂದೊಮ್ಮೆ ಇನ್ನೊಂದು ಕಡೆ ಇದನ್ನೇ ‘ಕ್ಷಮಾದಾನ’ ಮಾಡಿದ್ದರು. ಅಲ್ಲಿರಬೇಕಾದ ಪದ ಪೆರೋಲ್. ದಿನಾ ಪೇಪರಿನಲ್ಲಿ ಕಾಣುವ ಪದವೇ.

ಫ್ರೆಂಚಿನಲ್ಲಿ ಪರೋಲ್ ಅಂದರೆ ಮಾತು, ಅಷ್ಟೇ. ‘ಪರೋಲ್ ದೊನರ್’ ಅಂದರೆ ಮಾನಸ್ಥನ ಮಾತು. ಯುದ್ಧದಲ್ಲಿ ಸೆರೆ ಸಿಕ್ಕವನು ‘ಇನ್ನು ನಿಮ್ಮ ಮೇಲೆ ಆಯುಧ ಎತ್ತುವುದಿಲ್ಲ’ ಎಂದು ಹೇಳಿದರೆ, ಆ ಮಾತನ್ನು ನಂಬಿ ಅವನನ್ನು ಬಿಟ್ಟುಬಿಡುತ್ತಿದ್ದರು. ಪಾರ್ಲಿಮೆಂಟ್ ಕೂಡ ಇದೇ ಬಳಗದ್ದು, ಮಾತಾಡುವ ಜಾಗ.

ಕನ್ನಡದವರಿಗೆ ಇದು ಕಷ್ಟವಾಗಲೇಬಾರದಿತ್ತು. ನಮ್ಮ ‘ಭಾಷೆ’ಯೂ ಹೀಗೇ ಅಲ್ವಾ? ಭಾಷೆ ಕಲಿಯುವುದು ಒಂದು, ಭಾಷೆ ಕೊಡುವುದು ಇನ್ನೊಂದು. ಮಾತು ಆಡುತ್ತೇವೆ, ಮಾತು ಕೊಡುತ್ತೇವೆ, ಮಾತಿಗೆ ತಪ್ಪುತ್ತೇವೆ. ‘ನುಡಿದಂತೆ ನಡೆ’ ಅನ್ನುವಾಗ ನುಡಿಯೂ ಅದೇ ಕೆಲಸ ಮಾಡುತ್ತದೆ. ಹಳಗನ್ನಡದ ‘ಬಾಸೆ’ಗೂ ಈ ಅರ್ಥ ಇತ್ತು. ಹಾಗಾಗಿ ಪೆರೋಲ್‌ಗೆ ಕನ್ನಡ ಪದ ಹುಡುಕುವ ಕಷ್ಟವೇ ಇಲ್ಲ. ಪುಣ್ಯಕೋಟಿ ಹುಲಿಗೆ ಕೊಟ್ಟದ್ದು ಅಪ್ಪಟ ಪೆರೋಲ್. ಜಾಮೀನಾಗಿದ್ದರೆ ಇನ್ನೊಂದು ಹಸುವನ್ನು ಹುಲಿಯ ಮುಂದೆ ನಿಲ್ಲಿಸಿ ಬರಬೇಕಿತ್ತು. ಜಾಮೀನು ಎಂಬ ಪದದ ಮೂಲದಲ್ಲೇ ನಿಮ್ಮ ಪರವಾಗಿ ಹೊಣೆ ಹೊರುವ ಇನ್ನೊಬ್ಬನಿದ್ದಾನೆ. ಪೆರೋಲ್‌ನಲ್ಲಿ ನಿಮ್ಮ ಬಾಯೇ ಹೊಣೆ.

ಕೊಡುವವನು ಸೆರೆಯಾಳು, ಹಿಡಿದವನಲ್ಲ. ಹಿಡಿದವನು ಒಪ್ಪಿಕೊಳ್ಳುತ್ತಾನೆ. ‘ಪೆರೋಲ್ ನೀಡಲಾಗಿದೆ’ ಅಂತ ಸರ್ಕಾರವೇ ಕೊಡುವಂತೆ ಬರೆದೂ ಬರೆದೂ ಇದು ತಲೆಕೆಳಗಾಗಿದೆ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೈನಿಕನಿಗೆ ಇದು ಹೇಗಿತ್ತು ನೋಡಿ. ಒಂಬತ್ತು ತಿಂಗಳು ವರ್ಜೀನಿಯಾದ ಪೀಟರ್ಸ್‌ಬರ್ಗ್ ಊರಿನ ಕಂದಕಗಳಲ್ಲಿ ಕೂತಿದ್ದ. ಏಪ್ರಿಲ್ 2ರ ರಾತ್ರಿ ಅಲ್ಲಿಂದ ಹೊರಟ. ಅಮೀಲಿಯಾ ಎಂಬಲ್ಲಿ ಊಟದ ಸಾಮಾನು ಕಾದಿರುತ್ತದೆ ಎಂದಿದ್ದರು, ಸಿಕ್ಕಿದ್ದು ಮದ್ದುಗುಂಡು. ಹುರಿದ ಜೋಳ ಅಗಿಯುತ್ತಾ ನಡೆದ (ಮುಸುಕಿನ ಜೋಳ, ಅದೂ ಕುದುರೆಗೆ ಹಾಕುವಂಥದ್ದು). 9ರಂದು ಅಪೊಮ್ಯಾಟಕ್ಸ್ ಕೋರ್ಟ್ ಹೌಸ್‌ನಲ್ಲಿ ಅವನ ಸೇನಾಪತಿ ಜನರಲ್ ಲೀ ಗ್ರಾಂಟ್‌ಗೆ ಶರಣಾದ. ಆ ಲೇಖನದ ‘ಜಾಮೀನು’ ಹುಟ್ಟಿದ್ದು ಈ ಹೆಸರಿನ ‘ಕೋರ್ಟ್’ನಿಂದಲೇ ಏನೋ! ಅದು ಹಳ್ಳಿಯ ಹೆಸರು ಕಣ್ರೀ. ಶರಣಾಗತಿ ನಡೆದದ್ದು ಮೆಕ್ಲೀನ್ ಎಂಬವನ ಮನೆಯಲ್ಲಿ. ನಿಜವಾದ ಕೋರ್ಟು ಅವತ್ತು ಭಾನುವಾರ ಅಂತ ಬಾಗಿಲು ಹಾಕಿತ್ತು.

ಗ್ರಾಂಟ್ 25,000 ಜನಕ್ಕಾಗುವಷ್ಟು ಊಟದ ಸಾಮಾನು ಕಳಿಸಿದ. ಸ್ವಂತ ಕುದುರೆ ಇದ್ದವರು ಉಳುಮೆಗೆ ಬೇಕು ಅಂತ ಅದನ್ನು ಮನೆಗೆ ಹೊಡೆದುಕೊಂಡು ಹೋಗಬಹುದಿತ್ತು. ಹಳ್ಳಿಯ ಹೋಟೆಲಿನಲ್ಲಿ ಅಚ್ಚಿನ ಯಂತ್ರ ಇಟ್ಟು ಸಾವಿರಾರು ಪೆರೋಲ್ ಚೀಟಿ ಮುದ್ರಿಸಿದರು. ಹೆಚ್ಚುಕಡಿಮೆ 28,000 ಜನ ಹೀಗೆ ಬಿಡುಗಡೆಯಾದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಇವನು ಪೆರೋಲ್ ಆದ ಸೆರೆಯಾಳು, ಮನೆಗೆ ಹೋಗಿ ಅಲ್ಲೇ ಇರಲಿ, ಯಾರೂ ತೊಂದರೆ ಕೊಡಬಾರದು. ಅದನ್ನು ತೋರಿಸಿದರೆ ಉತ್ತರದವರ ಮಿಲಿಟರಿ ರೈಲಿನಲ್ಲಿ, ಸರ್ಕಾರಿ ಹಡಗಿನಲ್ಲಿ ಟಿಕೆಟ್ ಬೇಕಿರಲಿಲ್ಲ. ಉಳಿದ ದಾರಿಗೆ ಕಾಲೇ ಗತಿ. ಒಂದು ತಮಾಷೆ ಇದೆ. ಅಧಿಕಾರಿಗಳು ತಮ್ಮ ಭಾಷೆಯನ್ನು ತಾವೇ ಕೊಟ್ಟರು. ಸಾದಾ ಸೈನಿಕನ ಪರವಾಗಿ ಅವನ ದಳದ ಅಧಿಕಾರಿ ಸಹಿ ಹಾಕಿದ. ಮಾನಸ್ಥನ ಮಾತಿನಲ್ಲೂ ಮೇಲು ಕೀಳು.

ಭಾಷೆ ಕೊಟ್ಟವನು ತಪ್ಪಿದರೆ? ಅದಕ್ಕೂ ಲೆಕ್ಕ ಇತ್ತು. ಎರಡೂ ಕಡೆಯವರು ಮಾಡಿಕೊಂಡ 1862ರ ಒಪ್ಪಂದದ ಪ್ರಕಾರ ಸೆರೆಯಾಳುಗಳ ವಿನಿಮಯ ಆಗುವ ತನಕ ಪೆರೋಲ್ ಆದವನು ಬಂದೂಕು ಹಿಡಿಯುವಂತಿಲ್ಲ. ಹಾಗಾಗಿ ಉತ್ತರದವರು ಭಾಷೆ ಕೊಟ್ಟು ಬಿಡುಗಡೆಯಾಗಿ ಬಂದ ತಮ್ಮದೇ ಸೈನಿಕರನ್ನು ತಮ್ಮದೇ ಶಿಬಿರದಲ್ಲಿ ಕೂರಿಸಿ ಕಾಯಿಸುತ್ತಿದ್ದರು. ಅನಾಪೊಲಿಸ್ ಹತ್ತಿರ ಇದ್ದ ಆ ಕ್ಯಾಂಪಿನ ಜಾಗಕ್ಕೆ ಇವತ್ತಿಗೂ ಪೆರೋಲ್ ಅಂತಲೇ ಹೆಸರು, ಈಗ ಅಲ್ಲಿ ಶಾಪಿಂಗ್ ಮಾಲ್ ಇದೆ. 1863ರಲ್ಲಿ ವಿಕ್ಸ್‌ಬರ್ಗ್ ಎಂಬಲ್ಲಿ ಶರಣಾಗಿ ಭಾಷೆ ಕೊಟ್ಟು ಹೋದ ದಕ್ಷಿಣದವರಲ್ಲಿ ಎಷ್ಟೋ ಜನ ಮತ್ತೆ ಯುದ್ಧಕ್ಕೆ ಬಂದರು. ವಿನಿಮಯ ಸರಿಯಾಗಿ ಆಗಿತ್ತೋ ಇಲ್ಲವೋ ಅಂತ ದೊಡ್ಡ ಜಗಳವೇ ಆಯಿತು.

ಇನ್ನು ಕ್ಷಮಾದಾನ. ಅದು ಬೇರೆಯೇ ಸಂಗತಿ. ಅಧ್ಯಕ್ಷ ಜಾನ್ಸನ್ ಅದನ್ನು ಘೋಷಿಸಿದ್ದು 1865ರ ಮೇ 29ಕ್ಕೆ, ಅದೂ ಎಲ್ಲರಿಗೂ ಅಲ್ಲ. ಪೆರೋಲ್ ಕೊಟ್ಟಿದ್ದ ಲೀ ಮೇಲೇ ಜೂನ್‌ನಲ್ಲಿ ದೇಶದ್ರೋಹದ ಆರೋಪ ಬಂತು. ಕ್ಷಮೆ ಸಿಕ್ಕಿದ್ದರೆ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಆಗ ಅಡ್ಡ ಬಂದವನು ಗ್ರಾಂಟ್. ಆ ಭಾಷೆ ತಗೊಂಡವನು ತಾನು, ಕೊಟ್ಟವರು ಅದನ್ನು ಪಾಲಿಸುತ್ತಿರುವಷ್ಟು ಕಾಲ ಅವರನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ರಾಜೀನಾಮೆ ಕೊಡುತ್ತೇನೆ ಎಂದು ಪಟ್ಟು ಹಿಡಿದ. ಮೊಕದ್ದಮೆ ಅಲ್ಲಿಗೇ ನಿಂತಿತು.

ಪೆರೋಲ್ ಜೊತೆ ಬೆರೆಸುವ ಇನ್ನೊಂದು ಪದ ಫರ್ಲೋ. ಅದು ಡಚ್ಚರದು, ಅರ್ಥ ರಜೆ. ಅದೂ ಸೈನ್ಯದಿಂದಲೇ ಜೈಲಿಗೆ ಬಂದದ್ದು. ಅದರ ಗೋಳು ಇನ್ನೊಂದು ದಿನ.