ಮೋಲ್ಡ್ ದಿನ ‘ನೀರು ನೋಡ್ಕೊಂಡು ಹಾಕಿ’ ಅನ್ನಬೇಡಿ

ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ ಸೈಟ್ ಎಂಜಿನಿಯರುಗಳ ಬಾಯಲ್ಲಿ ಪದೇ ಪದೇ ಬರುವ ಮಾತು ‘ನೀರು ನೋಡ್ಕೊಂಡು ಹಾಕಿ’. ಏನು ನೋಡಬೇಕು, ಎಷ್ಟು ಹಾಕಬೇಕು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಮಿಕ್ಸರ್ ಹತ್ತಿರ ನಿಂತವನು ಕಣ್ಣಳತೆಯಲ್ಲಿ ಸುರಿಯುತ್ತಾನೆ, ಆಮೇಲೆ ಬೈಗುಳವೂ ಅವನಿಗೇ. ಇದು ಅನ್ಯಾಯ.

ನೀರು–ಸಿಮೆಂಟ್ ಅನುಪಾತ 0.5 ಅಂದರೆ 50 ಕೆ.ಜಿ. ಚೀಲಕ್ಕೆ 25 ಲೀಟರ್. ಎಂ–ಸ್ಯಾಂಡ್ ಒದ್ದೆಯಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲೇ ಕಳೆಯಬೇಕು. (ನಿಮ್ಮ ಕಟ್ಟಡದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೊಡಬೇಕು, ಇಲ್ಲಿರುವುದು ಉದಾಹರಣೆ ಮಾತ್ರ.) ಈ ಲೆಕ್ಕ ನಿಮ್ಮ ಡೈರಿಯಲ್ಲಿದ್ದರೆ ಸಾಲದು. ಬಕೆಟ್ಟಿಗೆ ಹನ್ನೆರಡೂವರೆ ಲೀಟರ್ ಅಳೆದು ಸುರಿದು, ನೀರು ನಿಂತ ಮಟ್ಟಕ್ಕೆ ಕೆಂಪು ಪೇಂಟಿನ ಗೆರೆ ಎಳೆಯಿರಿ. ‘ಚೀಲಕ್ಕೆ ಗೆರೆವರೆಗೆ ಎರಡು ಬಕೆಟ್’ ಅಂದರೆ ಓದು ಬಾರದವರಿಗೂ ಕನ್ನಡ ಬಾರದವರಿಗೂ ತಿಳಿಯುತ್ತದೆ.

ಇಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ಒಂದು ಚೊಂಬು ಹೆಚ್ಚೇ ಬೀಳುತ್ತದೆ. ಸೋಮಾರಿತನ ಅಂದುಕೊಳ್ಳಬೇಡಿ. ಬೀಮು–ಕಾಲಮ್ಮು ಕೂಡುವಲ್ಲಿ ಕಂಬಿ ಒತ್ತಾಗಿರುತ್ತದೆ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿ ಇಳಿಯುವುದಿಲ್ಲ, ಮಾಲು (ಕಲಸಿದ ಕಾಂಕ್ರೀಟು) ಗಟ್ಟಿಯಾಗಿರುತ್ತದೆ, ಹಿಂದೆ ಮೇಸ್ತ್ರಿ ಕೂಗುತ್ತಿರುತ್ತಾನೆ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದವನ ಕೈಗೆ ಸಿಗುವ ಮದ್ದು ನೀರೊಂದೇ. ಆ ಹೆಚ್ಚಿನ ನೀರು ಆರಿ ಹೋದಮೇಲೆ ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಬಲ ಕುಗ್ಗುತ್ತದೆ, ಮುಂದೆ ಕಂಬಿಗೆ ತುಕ್ಕು.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ: ‘ಗಟ್ಟಿ ಅನ್ನಿಸಿದರೆ ನೀರು ಮುಟ್ಟಬೇಡ, ಇವರನ್ನು ಕರಿ.’ ‘ಇವರು’ ಒಬ್ಬರೇ ಆಗಿರಲಿ. ಕೊನೆಯ ಬಾಂಡ್ಲಿ ಸುರಿಯುವವರೆಗೂ ಅವರು ಸೈಟಿನಲ್ಲೇ ಇರಬೇಕು, ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಮಾಲನ್ನು ಸಡಿಲ ಮಾಡುವ ರಾಸಾಯನಿಕ) ಹಾಕಬೇಕೋ, ಆ ಮಾಲನ್ನೇ ಬಿಡಬೇಕೋ ಎಂದು ಕೂಡಲೇ ಹೇಳಬೇಕು. ಮನೆ ಯಜಮಾನರಿಗೂ ಇದನ್ನು ತಿಳಿಸಿ, ಇಲ್ಲದಿದ್ದರೆ ಅವರೂ ಮೇಲೆ ನಿಂತು ಬೇರೆಯೇ ಆರ್ಡರ್ ಕೊಡುತ್ತಾರೆ. ಕೆಲಸ ನಿಲ್ಲಿಸಿ ಕರೆದವನನ್ನು ಮಾತ್ರ ಗದರಿಸಬೇಡಿ. ಒಮ್ಮೆ ಗದರಿದಿರೋ, ಅವನು ಮತ್ತೆ ಕರೆಯುವುದಿಲ್ಲ.

‘ಅರ್ಥ ಆಯ್ತಾ?’ ಅಂತಲೂ ಕೇಳಬೇಡಿ. ‘ಆಯ್ತು ಸಾರ್’ ಅನ್ನದವರು ಯಾರಿದ್ದಾರೆ? ‘ಗಟ್ಟಿ ಬಂದ್ರೆ ಏನ್ ಮಾಡ್ತೀಯಪ್ಪಾ?’ ಅನ್ನಿ, ಅವನ ಬಾಯಿಂದಲೇ ಕೇಳಿಸಿಕೊಳ್ಳಿ.

ಕಂಬಿಗೂ ಅಚ್ಚಿನ ಹಲಗೆಗೂ ನಡುವೆ ಅಂತರ ಉಳಿಸಲು ಇಡುವ ಕವರ್ ಬ್ಲಾಕಿಗೂ ಇದೇ ರೀತಿ: ಡ್ರಾಯಿಂಗಿನಲ್ಲಿ ಸ್ಲ್ಯಾಬಿಗೆ 20 ಮಿ.ಮೀ., ಕಾಲಮ್ಮಿಗೆ 40 ಇದ್ದರೆ ಎರಡನ್ನೂ ಬೇರೆ ಬೇರೆ ಗುಡ್ಡೆ ಹಾಕಿಸಿ. ಕ್ಯೂರಿಂಗಿಗೆ (ಕಾಂಕ್ರೀಟನ್ನು ಒದ್ದೆಯಾಗಿಡುವುದಕ್ಕೆ) ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಮಿಶ್ರ ಸಿಮೆಂಟಿಗೆ 10 ದಿನ. ‘ಚೆನ್ನಾಗಿ ನೀರು ಹೊಡೀರಿ’ ಅನ್ನುವ ಬದಲು ಕೊನೆಯ ದಿನದ ತಾರೀಖನ್ನು ಮೆಟ್ಟಿಲ ಪಕ್ಕದ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ, ಅದರ ಕೆಳಗೆ ನೀರು ಹೊಡೆಯುವವನ ಹೆಸರನ್ನೂ.