ತೈಬಜಾರಿ ಕಟ್ಟಿದ್ದೀರಿ, ಸರಿ. ಜಿಎಸ್‌ಟಿ?

"ಹದಿನೈದು ದಿನದ ಅಂಗಡಿಗಿ ಎಂಥಾ ಟ್ಯಾಕ್ಸ್ ರೀ?" ಹೋಳಿಯ ಹಿಂದೆಮುಂದೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ಅಂಗಡಿಗಳು ಏಳುವಾಗ ಈ ಮಾತು ಕೇಳದ ವರ್ಷವಿಲ್ಲ. ಖ್ವಾಜಾ ಬಂದೇ ನವಾಜ್ ಉರುಸಿಗೂ ಅದೇ ಪ್ರಶ್ನೆ. ಕೇಳುವವರಿಗೆ ಧೈರ್ಯ ಎಲ್ಲಿಂದ ಬರುತ್ತದೆ ಎಂದರೆ, ಅವರ ಕಿಸೆಯಲ್ಲಿ ತೈಬಜಾರಿಯ ಪಾವತಿ ಇರುತ್ತದೆ. ಅದನ್ನು ತೆಗೆದು ತೋರಿಸಿ "ಕಟ್ಟೀವಲ್ರಿ" ಅನ್ನುತ್ತಾರೆ.

ತೈಬಜಾರಿ ನೆಲದ ಬಾಡಿಗೆ. ಜಾತ್ರೆ ಕಮಿಟಿಗೋ ಪಾಲಿಕೆಗೋ ಕೊಟ್ಟದ್ದು. ಅದರಲ್ಲಿ ರಿಯಾಯಿತಿ ಬೇಕಿದ್ದರೆ ಅವರನ್ನೇ ಕೇಳಿ ನೋಡಿ. ಜಿಎಸ್‌ಟಿಗೂ ಆ ಚೀಟಿಗೂ ಯಾವ ಸಂಬಂಧವೂ ಇಲ್ಲ.

ಇನ್ನು ದಿನಗಳ ಮಾತು. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ಅಂಗಡಿ ಎಷ್ಟು ದಿನ ಇರುತ್ತದೆ ಎಂಬುದನ್ನು ನೋಡಿ ಜಿಎಸ್‌ಟಿ ಕಾಯ್ದೆ ವಿನಾಯಿತಿ ಕೊಡುವುದಿಲ್ಲ. ಅದು ಕೇಳುವುದು ಎರಡು: ನಿಮ್ಮ ಕಾಯಂ ವ್ಯಾಪಾರದ ಜಾಗ ಯಾವ ರಾಜ್ಯದಲ್ಲಿದೆ? ನಿಮ್ಮ ಪ್ಯಾನ್ ಮೇಲೆ ವರ್ಷದ ಒಟ್ಟು ವಹಿವಾಟು ಎಷ್ಟು? ಆಳಂದದಲ್ಲಿ ಅಂಗಡಿ ಇರುವವರು ಕಲಬುರಗಿ ಜಾತ್ರೆಯಲ್ಲಿ ಪಾತ್ರೆ ಅಂಗಡಿ ಹಚ್ಚಿದರೆ, ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ, ಸಾಮಾನ್ಯವಾಗಿ ನೋಂದಣಿಯೇ ಬೇಡ. ಕೂರಿಸಿ ತಿನ್ನಲು ಕೊಡುವ ಭಜಿ ಅಂಗಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ, ಅಲ್ಲಿ ಮಿತಿ 20 ಲಕ್ಷ. ಆದರೆ ಮಹಾರಾಷ್ಟ್ರದ ಸೊಲ್ಲಾಪುರದಿಂದ ಚಾದರ ತಂದವರಿಗೆ, ತೆಲಂಗಾಣದ ಜಹೀರಾಬಾದಿನಿಂದ ಸ್ಟೀಲ್ ಸಾಮಾನು ತಂದವರಿಗೆ ಈ ಮಿತಿಯೇ ಇಲ್ಲ. ಕಾಯ್ದೆಯ ಕಣ್ಣಿಗೆ ಅವರು 'ಕ್ಯಾಶುವಲ್ ಟ್ಯಾಕ್ಸೇಬಲ್ ಪರ್ಸನ್', ಅಂದರೆ ತಮ್ಮ ಕಾಯಂ ಜಾಗವಿಲ್ಲದ ರಾಜ್ಯದಲ್ಲಿ ಆಗೊಮ್ಮೆ ಈಗೊಮ್ಮೆ ವ್ಯಾಪಾರ ಮಾಡುವವರು. ಸೆಕ್ಷನ್ 24ರ ಪ್ರಕಾರ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ, ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮೂ ಸಿಗದು. ಅಂದರೆ ನಾಲ್ಕು ದಿನಕ್ಕೆಂದು ಬಂದು ಹೋಗುವವರ ಮೇಲೆಯೇ ಕಾಯ್ದೆ ಹೆಚ್ಚು ಬಿಗಿ. ಜನ ಇದನ್ನು ತಿರುವು ಮುರುವಾಗಿ ತಿಳಿದುಕೊಂಡಿದ್ದಾರೆ.

ಚಾದರದ ವ್ಯಾಪಾರಿಯೊಬ್ಬರು ಪೆಂಡಾಲಿನಿಂದಲೇ ಫೋನ್ ಮಾಡಿದ್ದರು. "ನಂಬರ್ ಅದ ರೀ ಸಾಹೇಬ್ರ, ಹತ್ತು ಸಾಲ್ ಆಗೇದ ಟ್ಯಾಕ್ಸ್ ಭರಾಯಿಸಲಾಕ." ನಂಬರ್ ಓದಿ ಅಂದೆ. 27ರಿಂದ ಶುರುವಾಯಿತು. ಅದು ಮಹಾರಾಷ್ಟ್ರದ ಕೋಡು, ನಮ್ಮ ಕರ್ನಾಟಕದ್ದು 29. ಆ ನಂಬರು ಇಲ್ಲಿ ನಡೆಯದು. ಪ್ರಾಮಾಣಿಕ ಮನುಷ್ಯ, ಒಂದು ರೂಪಾಯಿ ಉಳಿಸುವ ಆಸೆಯೂ ಅವರಿಗಿರಲಿಲ್ಲ. ಇಲ್ಲಿಯ ತಾತ್ಕಾಲಿಕ ನೋಂದಣಿಗೆ ಅರ್ಜಿಯನ್ನು ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಹಾಕಬೇಕು ಅಂದಾಗ, ಆ ಕಡೆ ಅವರ ಹುಡುಗರು ಬೋರ್ಡು ಕಟ್ಟುವ ಸದ್ದು ಕೇಳುತ್ತಿತ್ತು.

ಆ ತಾತ್ಕಾಲಿಕ ನೋಂದಣಿ ಹೆಚ್ಚೆಂದರೆ 90 ದಿನ ನಡೆಯುತ್ತದೆ, ಬೇಕಾದರೆ ಇನ್ನೊಂದು 90 ದಿನಕ್ಕೆ ವಿಸ್ತರಿಸಬಹುದು. ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಇಲ್ಲಿಯೇ ಎಲ್ಲರೂ ಹೌಹಾರುವುದು. ಆದರೆ ಅದು ಫೀಸಲ್ಲ, ಠೇವಣಿ. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗಲೇ ಬಿಲ್ಲಿನಲ್ಲಿ ಕಟ್ಟಿದ ಜಿಎಸ್‌ಟಿ) ಕಳೆದು ಉಳಿಯುವ ತೆರಿಗೆಯಷ್ಟನ್ನೇ ಕಟ್ಟಿದರೆ ಸಾಕೆಂದು 2018ರ ಸುತ್ತೋಲೆ ಹೇಳಿದೆ. ನಿಜವಾದ ರಿಯಾಯಿತಿ ಎಂದರೆ ಇದೇ, ಇದನ್ನು ಯಾರೂ ಕೇಳುವುದಿಲ್ಲ. ಎಕ್ಸಿಬಿಷನ್ ನಡೆಸುವವರು ಸ್ಟಾಲ್ ಬಾಡಿಗೆಗೆ ಹಾಕುವ ಜಿಎಸ್‌ಟಿ ಕರ್ನಾಟಕದ್ದು, 27ರ ನಂಬರಿಗೆ ಅದರ ಕ್ರೆಡಿಟ್ ಬರುವುದಿಲ್ಲ, 29ರ ತಾತ್ಕಾಲಿಕ ನಂಬರಿಗೆ ಬರುತ್ತದೆ. ಬಿಲ್ಲನ್ನು ಆ ನಂಬರಿಗೇ ಮಾಡಿಸಿ. ವ್ಯಾಪಾರ ಕಡಿಮೆಯಾಗಿ ಠೇವಣಿ ಉಳಿದರೆ ವಾಪಸ್ ಸಿಗುತ್ತದೆ, ಆದರೆ ಎಲ್ಲ ರಿಟರ್ನ್ ಸಲ್ಲಿಸಿದ ಮೇಲೆ. ಪೆಂಡಾಲ್ ಬಿಚ್ಚಿದ ದಿನವೇ ನನ್ನ ಫೋನ್ ನಂಬರನ್ನೂ ಮರೆತುಬಿಡುವವರಿಗೆ ಏನು ಹೇಳಲಿ?

ಬಳೆಗಾರರು ಮಾತ್ರ ಹೆದರಬೇಕಿಲ್ಲ. ಗಾಜಿನ ಬಳೆಗೆ ತೆರಿಗೆಯಿಲ್ಲ. ತೆರಿಗೆಯಿಲ್ಲದ ಸಾಮಾನನ್ನಷ್ಟೇ ಮಾರುವವರಿಗೆ, ಹೈದರಾಬಾದಿನಿಂದ ಬಂದರೂ, ನೋಂದಣಿ ಬೇಕಾಗದು. 'ಅಷ್ಟೇ' ಎಂಬುದನ್ನು ಮರೆಯಬೇಡಿ. ಬಳೆಯ ಪಕ್ಕದಲ್ಲಿ ನಾಲ್ಕು ಜೊತೆ ಇಮಿಟೇಷನ್ ಝುಮಕಿ ತೂಗುಹಾಕಿದರೆ ಲೆಕ್ಕ ಬೇರೆ.

ಇದಕ್ಕೆ ಉಲ್ಟಾ ಕೇಸೂ ಇದೆ, ಅದು ನನಗೆ ಹೆಚ್ಚು ಸಂಕಟ ಕೊಡುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮೇಳಗಳಲ್ಲಿ ಮಾರುವ ಹೆಣ್ಣುಮಗಳೊಬ್ಬಳಿಗೆ ಯಾರೋ "ಜಿಎಸ್‌ಟಿ ಇಲ್ಲಂದ್ರ ಸ್ಟಾಲ್ ಕೊಡಂಗಿಲ್ಲ" ಎಂದು ಹೆದರಿಸಿ ನಂಬರ್ ಮಾಡಿಸಿಕೊಟ್ಟಿದ್ದರು. ಅವಳ ವಹಿವಾಟು 40 ಲಕ್ಷದ ಹತ್ತಿರವೂ ಸುಳಿಯದು. ಆದರೆ ನಂಬರ್ ತೆಗೆದುಕೊಂಡ ಮೇಲೆ ಮಿತಿಯ ಮಾತು ನಡೆಯುವುದಿಲ್ಲ. ತೆರಿಗೆ ಬೀಳುವ ಸಾಮಾನು ಮಾರಿದರೆ ಕಟ್ಟಲೇಬೇಕು, ಏನೂ ಮಾರದಿದ್ದರೂ ನಿಲ್ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ಅವಳ ನೋಂದಣಿ ರದ್ದು ಮಾಡಿಸಲು ಅರ್ಜಿ ಹಾಕಿದೆವು. ಫೀಸು ಬೇಡವೆಂದರೂ ರೊಟ್ಟಿ ಕಟ್ಟು ಇಟ್ಟು ಹೋದಳು.

ಬೀದರಿನ ಬಿದರಿ ಕುಶಲಕರ್ಮಿಗಳು ಜನವರಿಯಲ್ಲಿ ಹೈದರಾಬಾದಿನ ನುಮಾಯಿಷ್ ಮೇಳಕ್ಕೆ ಹೊರಟಾಗ ಇದೇ ಪ್ರಶ್ನೆ ಆ ಕಡೆಯಿಂದ ಏಳುತ್ತದೆ. ತೆಲಂಗಾಣದಲ್ಲಿ ಅವರೇ ಹೊರಗಿನವರು. ಅವರಿಗೊಂದು ದಾರಿಯಿದೆ: ಸರ್ಕಾರದ ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತು ಮಾರುವವರಿಗೆ, ದೇಶದಾದ್ಯಂತದ ಒಟ್ಟು ವಹಿವಾಟು 20 ಲಕ್ಷದೊಳಗಿದ್ದರೆ, ನೋಂದಣಿಯಿಂದ ವಿನಾಯಿತಿ. ಹೂದಾನಿ, ಡಬ್ಬಿ, ಪದಕ ಎಲ್ಲಕ್ಕೂ ಒಂದೇ ಎಚ್‌ಎಸ್‌ಎನ್ ಕೋಡು (ಸಾಮಾನಿನ ವರ್ಗ ಗುರುತಿಸುವ ಸಂಖ್ಯೆ) ಇರುವುದಿಲ್ಲ. ನಿಮ್ಮ ಮಾಲು ಆ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮೊದಲೇ ಯಾರಿಗಾದರೂ ತೋರಿಸಿಕೊಳ್ಳಿ, ನನಗೇ ಆಗಬೇಕೆಂದಿಲ್ಲ. ಪ್ಯಾನ್ ಬೇಕು. ಮಾಲಿನ ಬೆಲೆ ಎಷ್ಟೇ ಕಡಿಮೆ ಇರಲಿ, ಇ-ವೇ ಬಿಲ್ (ಮಾಲು ಸಾಗಿಸುವಾಗ ಜೊತೆಗಿರಬೇಕಾದ ಆನ್‌ಲೈನ್ ಚೀಟಿ) ಬೇಕು. ಅದನ್ನು ಬೀದರಿನಲ್ಲೇ ಮಾಡಿಸಿಕೊಳ್ಳಿ, ಜಹೀರಾಬಾದ್ ದಾಟಿದ ಮೇಲೆ ಫೋನ್ ಮಾಡಬೇಡಿ.